ಡೊಂಬಿವಲಿಯಲ್ಲಿ ಬಿ.ಪಿ. ಇಳಿಸಿದ ಕಥೆ

ಆಸ್ಪತ್ರೆಯಲ್ಲಿ ಕೆಲಸ ಅಂದ ಕೂಡಲೇ ಜನ ಮುಖ ಸಣ್ಣದು ಮಾಡಿಕೊಂಡು, "ಪಾಪ, ದಿನಾ ಕಷ್ಟ ನೋಡಬೇಕಲ್ಲ" ಅನ್ನುತ್ತಾರೆ. ನಾನು ತಲೆಯಾಡಿಸುತ್ತೇನೆ. ನಿಜ ಹೇಳಿದರೆ ಯಾರೂ ನಂಬುವುದಿಲ್ಲ. ನಗು ತಡೆಯಲಾಗದೆ ಔಷಧಿ ಇಡುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ ದಿನಗಳೇ ನನ್ನ ನೌಕರಿಯಲ್ಲಿ ಜಾಸ್ತಿ.

ಮೈಸೂರಿನಲ್ಲಿ ಬಿ.ಫಾರ್ಮ ಮುಗಿಸಿ, ಮದುವೆಯಾಗಿ ಮುಂಬಯಿ ಪಕ್ಕದ ಠಾಣೆ ಊರಿಗೆ ಬಂದವಳು ನಾನು. ಡೊಂಬಿವಲಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹೊಸ ಔಷಧಿಗಳ ಟ್ರಯಲ್ ನಡೆಯುತ್ತಿತ್ತು. ರೋಗಿಗಳನ್ನು ಕರೆಸುವುದು, ಮಾತ್ರೆ ಕೊಡುವುದು, ಉಳಿದ ಮಾತ್ರೆ ವಾಪಸ್ ತೆಗೆದುಕೊಳ್ಳುವುದು, ಬಿ.ಪಿ. ನೋಡಿ ಬರೆದಿಡುವುದು, ಎಲ್ಲರ ಹತ್ತಿರ ಬೈಸಿಕೊಳ್ಳುವುದು ನನ್ನ ಕೆಲಸ. ಆ ಸಲ ಬಂದದ್ದು ಬಿ.ಪಿ. ಟ್ರಯಲ್. ಮೂರು ನಾಲ್ಕು ಥರದ ಮಾತ್ರೆ ನುಂಗಿದರೂ ಕೆಲವರ ಬಿ.ಪಿ. ಜಪ್ಪಯ್ಯ ಅಂದರೂ ಇಳಿಯುವುದಿಲ್ಲ. ಅಂಥವರಿಗೆ ಹಳೆಯ ಮಾತ್ರೆಗಳ ಜೊತೆ ಒಂದು ಹೊಸ ಮಾತ್ರೆ ಕೊಟ್ಟು ನೋಡುವುದು.

ಅದರಲ್ಲೂ ಒಂದು ತಮಾಷೆ ಇದೆ. ಕೆಲವರಿಗೆ ಅಸಲಿ ಔಷಧಿ, ಕೆಲವರಿಗೆ ಔಷಧಿಯೇ ಇಲ್ಲದ ಹಿಟ್ಟಿನ ಮಾತ್ರೆ. ನೋಡಲು ಎರಡೂ ಒಂದೇ. ಯಾರಿಗೆ ಯಾವುದು ಹೋಗಿದೆ ಅನ್ನುವುದು ರೋಗಿಗೂ ಗೊತ್ತಿರಬಾರದು, ಡಾಕ್ಟರಿಗೂ ಗೊತ್ತಿರಬಾರದು, ನನಗೂ ಗೊತ್ತಿರಬಾರದು. ಇದನ್ನು ಬಿಡಿಸಿ ಹೇಳಿದ ಮೊದಲ ದಿನವೇ ಧಾರವಾಡದ ಕಾಕಾ ಕೇಳಿದರು: "ಯಾರಿಗೂ ಏನೂ ಗೊತ್ತಿಲ್ಲಂದ್ರ ನೀವೆಲ್ಲಾ ಇಲ್ಲೆ ಯಾಕ ಕೂತೀರಿ?"

ಗೌನು ಹಾಕಿಸಿ ವಾಪಸ್ಸು

ಕಾಕಾ ಯಾರು ಅಂತ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಕಥೆ ಅವರ ಮೊಣಕಾಲಿನದು. ಹರೆಯದಲ್ಲೇ ಧಾರವಾಡ ಬಿಟ್ಟು ಬಂದು ಡೊಂಬಿವಲಿಯಲ್ಲಿ ಬೇರೂರಿದವರು. ಮುಂಬಯಿಯ ಫೋರ್ಟಿನ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದರು. ರಿಟೈರಾಗಲು ಇನ್ನೂ ಕೆಲವು ವರ್ಷ ಇತ್ತು. ಬಲ ಮೊಣಕಾಲು ಪೂರ್ತಿ ಸವೆದು, ಸ್ಟೇಷನ್ನಿನ ಸೇತುವೆ ಹತ್ತಬೇಕಾದರೆ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಸಿಕ್ಕವರ ಹೆಗಲು ಹಿಡಿಯಬೇಕಿತ್ತು. ಮೊಣಕಾಲು ಬದಲಿಸಿದರೆ ನೌಕರಿ ಉಳಿಯುತ್ತದೆ, ಇಲ್ಲದಿದ್ದರೆ ಬಿಟ್ಟು ಮನೆಯಲ್ಲಿ ಕೂರಬೇಕು. ವಿಷಯ ಅಷ್ಟೇ.

ಆಪರೇಷನ್ನಿಗೆ ದಿನ ಗೊತ್ತಾಯಿತು. ಹುಬ್ಬಳ್ಳಿ, ಗದಗ, ಬೆಳಗಾವಿಯಿಂದ ನೆಂಟರು ಬಂದಿಳಿದರು. ಕಾಕಾ ಹೊಟ್ಟೆ ಖಾಲಿ ಇಟ್ಟುಕೊಂಡು, ಹಿಂದೆ ಕಟ್ಟುವ ಹಸಿರು ಗೌನು ಹಾಕಿಸಿಕೊಂಡು, ಸ್ಟ್ರೆಚರ್ ಮೇಲೆ ಮಲಗಿ, ಎಲ್ಲರಿಗೂ ಕೈ ಬೀಸಿ ಒಳಗೆ ಹೋದರು. ಅರಿವಳಿಕೆ ಕೊಡುವ ಡಾಕ್ಟರು ಬಿ.ಪಿ. ನೋಡಿ, ಮತ್ತೊಮ್ಮೆ ನೋಡಿ, ಮೆಷಿನ್ ಬದಲಿಸಿ ನೋಡಿ, "ಇಷ್ಟಿದ್ದರೆ ನಾನು ಮುಟ್ಟುವುದಿಲ್ಲ" ಅಂದುಬಿಟ್ಟರು. ಹೋದ ಸ್ಟ್ರೆಚರ್ ಹಾಗೇ ವಾಪಸ್ ಬಂತು.

ಹೊರಗೆ ನೆಂಟರೆಲ್ಲ ಎದ್ದು ನಿಂತರು. ಇಷ್ಟು ಬೇಗ ಮುಗಿಯಿತಲ್ಲ, ಮುಂಬಯಿ ಕಡೆ ಡಾಕ್ಟರೆಂದರೆ ಡಾಕ್ಟರು ಅಂತ ಬೆಳಗಾವಿಯ ಭಾವ ಹೊಗಳಿದ್ದೂ ಆಯಿತು. ವಿಷಯ ತಿಳಿದ ಮೇಲೆ ತಂದ ಹಣ್ಣು ಕೊಡಬೇಕೋ ಬಿಡಬೇಕೋ ಅನ್ನುವುದೇ ದೊಡ್ಡ ಪ್ರಶ್ನೆಯಾಯಿತು. ಕೊನೆಗೆ ಗದಗಿನ ಅತ್ತೆಯವರು ಮೋಸಂಬಿ ಚೀಲವನ್ನು ಕಾಕಾನ ಎದೆಯ ಮೇಲಿಟ್ಟು ಹೇಳಿದರು: "ಈ ಸಲದ್ದು ಇಟ್ಕೊ. ಮುಂದಿನ ಸಲ ಖರೇನ ಕೊಯ್ದ ಮ್ಯಾಲ ಫೋನ್ ಹಚ್ಚು, ಆವಾಗ ಬರ್ತೀವಿ."

ಆಮೇಲೇ ಕಾಕಾನನ್ನು ನಮ್ಮ ಟ್ರಯಲಿಗೆ ಕಳಿಸಿದ್ದು.

ಸ್ವಂತ ಇಚ್ಛೆ

ಆ ಹೊತ್ತಿಗೆ ಸರ್ಕಾರದ ಹೊಸ ನಿಯಮ ಬಂದಿತ್ತು. ಟ್ರಯಲಿಗೆ ಸೇರುವವರು ಒಪ್ಪಿಗೆ ಕೊಡುವುದನ್ನು ವೀಡಿಯೊ ಮಾಡಬೇಕು. ಎಲ್ಲ ಅರ್ಥವಾಗಿದೆ, ಯಾರ ಒತ್ತಾಯವೂ ಇಲ್ಲ, ನನ್ನ ಸ್ವಂತ ಇಚ್ಛೆಯಿಂದ ಸೇರುತ್ತಿದ್ದೇನೆ ಅಂತ ರೋಗಿ ತಾನೇ ಬಾಯಿಬಿಟ್ಟು ಹೇಳಬೇಕು. ನಾವು ವೀಡಿಯೊ ಅಂದದ್ದೇ ತಪ್ಪಾಯಿತು. ಬಂದವರೆಲ್ಲ ಮದುವೆಮನೆಗೆ ಬಂದ ಹಾಗೆ ಬರತೊಡಗಿದರು.

ಕಾಕಾ ಸಫಾರಿ ಸೂಟು ಹಾಕಿ, ಮೀಸೆಗೆ ಕಪ್ಪು ಹಚ್ಚಿಕೊಂಡು ಬಂದರು. ಜೊತೆಗೆ ಕಾಕು. ಅಂದರೆ ಅವರ ಹೆಂಡತಿ. ಇಳಕಲ್ ಸೀರೆ, ದೊಡ್ಡ ನತ್ತು, ತಲೆ ತುಂಬ ಅಬ್ಬಲಿಗೆ ಹೂವು. ಅವರು ಚಿತ್ರದಲ್ಲಿ ಬರುವ ಹಾಗಿಲ್ಲ ಅಂತ ತಿಳಿಸಿ ಹೇಳಿ ಕ್ಯಾಮೆರಾದ ಹಿಂದೆ ಕೂರಿಸುವುದಕ್ಕೇ ನನಗೆ ಸಾಕುಸಾಕಾಯಿತು.

ಟ್ರಯಲ್ ನಡೆಸುವ ಡಾಕ್ಟರ್ ಸಾಹೇಬರು ಮರಾಠಿಯವರು, ಮಾತು ಕಡಿಮೆ. ಅವರ ಪ್ರಶ್ನೆಯನ್ನು ನಾನು ಕನ್ನಡದಲ್ಲಿ ಕೇಳುವುದು ಅಂತ ಆಗಿತ್ತು. "ಕಾಕಾ, ನೀವು ಯಾರ ಒತ್ತಾಯವೂ ಇಲ್ಲದೆ, ನಿಮ್ಮ ಸ್ವಂತ ಇಚ್ಛೆಯಿಂದ ಸೇರುತ್ತಿದ್ದೀರಾ?"

ಕಾಕಾ ಬಾಯಿ ತೆರೆಯುವ ಮುಂಚೆ ಕ್ಯಾಮೆರಾದ ಹಿಂದಿನಿಂದ ಕಾಕು ಹೇಳಿದರು: "ಹೌದ್ರಿ, ಸೇರ್ತಾರ."

ನಿಲ್ಲಿಸಿದೆವು. ಅವರೇ ಹೇಳಬೇಕು ಕಾಕು ಅಂತ ಕೈಮುಗಿದೆ. ಮತ್ತೆ ಶುರುವಾಯಿತು. ಪ್ರಶ್ನೆ ಕೇಳಿದ್ದೇ ಕಾಕಾ ಕತ್ತು ಓರೆ ಮಾಡಿ ಹೆಂಡತಿಯ ಕಡೆ ನೋಡಿದರು. ಮತ್ತೆ ನಿಲ್ಲಿಸಿದೆವು. ಮೂರನೇ ಸಲಕ್ಕೆ ಸಾಹೇಬರ ತಾಳ್ಮೆ ಹೋಗಿ, ಕಾಕುವನ್ನು ಹೊರಗೆ ಕೂರಿಸಿ ಬಾಗಿಲು ಹಾಕಿ ಅಂದರು. ಬಾಗಿಲು ಹಾಕಿ ಬಂದು ನಾನು ಮತ್ತದೇ ಪ್ರಶ್ನೆ ಕೇಳಿದೆ. ಕಾಕಾ ನೆಟ್ಟಗೆ ಕೂತು, ಕ್ಯಾಮೆರಾವನ್ನೇ ದಿಟ್ಟಿಸಿ, ಸ್ಪಷ್ಟವಾಗಿ ಹೇಳಿದರು: "ನನ್ನ ಸ್ವಂತ ಇಚ್ಛಾ ಏನದ ಅಂತ ಆಕಿನ್ನ ಒಮ್ಮೆ ಕೇಳಿ ಬರ್ತೀನ್ರಿ."

ಖಾಲಿ ಬಾಟಲಿ

ಟ್ರಯಲಿನಲ್ಲಿ ಇನ್ನೊಬ್ಬರಿದ್ದರು, ಉಡುಪಿಯ ಮಾಮ. ಕಲ್ಯಾಣದಲ್ಲಿ ಮನೆ, ಇವರ ಆಫೀಸೂ ಫೋರ್ಟಿನಲ್ಲೇ. ಕಾಕಾ ಮತ್ತು ಮಾಮ ಒಂದೇ ಲೋಕಲ್ ಟ್ರೇನಿನ ಒಂದೇ ಡಬ್ಬಿಯಲ್ಲಿ ಹೋಗುವ ಹಳೆಯ ದೋಸ್ತರು. ಮಾಮನನ್ನು ನಮ್ಮಲ್ಲಿಗೆ ಕರೆತಂದವರೇ ಕಾಕಾ.

ಮಾತ್ರೆ ಕೊಡುತ್ತಿದ್ದದ್ದು ಬಿಳಿ ಪ್ಲಾಸ್ಟಿಕ್ ಬಾಟಲಿಯಲ್ಲಿ. ಮುಂದಿನ ಸಲ ಬರುವಾಗ ಬಾಟಲಿ ತಪ್ಪದೆ ವಾಪಸ್ ತರಬೇಕು, ಮಿಕ್ಕ ಮಾತ್ರೆ ಅದರಲ್ಲೇ ಇರಬೇಕು ಅಂತ ಎಲ್ಲರಿಗೂ ಗಿಣಿಗೆ ಹೇಳಿದ ಹಾಗೆ ಹೇಳಿದ್ದೆ. ಔಷಧಿ ಕಂಪನಿಯ ಕಡೆಯಿಂದ ತಪಾಸಣೆಗೆ ಒಬ್ಬ ಮೇಡಂ ಬರುತ್ತಿದ್ದರು. ದೂರದ ಕಾಮೋಠೆ ಊರಿನಿಂದ ಬಸ್ಸು, ರಿಕ್ಷಾ ಬದಲಿಸಿ ಬಂದು ತಲುಪುವಷ್ಟರಲ್ಲಿ ಯಾರ ಮೇಲಾದರೂ ಹರಿಹಾಯಲೇಬೇಕು ಅನ್ನುವ ಸ್ಥಿತಿಯಲ್ಲಿರುತ್ತಿದ್ದರು. ಅವತ್ತು ಅವರೇ ಮಾಮನ ಬಾಟಲಿ ಎತ್ತಿಕೊಂಡು, ಮಾತ್ರೆ ಎಣಿಸಲು ತಟ್ಟೆಯ ಮೇಲೆ ಬೋರಲು ಹಾಕಿದರು.

ಬಿದ್ದದ್ದು ಕೆಂಪು ಪುಡಿ. ಕೋಣೆಯ ತುಂಬ ಹುರಿದ ಕೊಬ್ಬರಿ, ಬೆಳ್ಳುಳ್ಳಿಯ ಘಮ. ಮೇಡಂ ಎರಡು ಹೆಜ್ಜೆ ಹಿಂದೆ ಸರಿದರು. ಮಾತ್ರೆಗೆ ಹೀಗೂ ಆಗುತ್ತದೆಯೇ ಅಂತ ಒಂದು ಕ್ಷಣ ನನಗೂ ದಿಗಿಲಾಯಿತು.

ಮಾಮನ ಜೊತೆ ಬಂದಿದ್ದ ಮಾಮಿ ಮಾತ್ರ ಹಾಯಾಗಿ ಕೂತಿದ್ದರು. "ಚಟ್ನಿಪುಡಿ ಅಲ್ವಾ ಮಾರಾಯ್ತಿ. ಬಾಟ್ಲಿ ವಾಪಸ್ ಬೇಕು ಅಂತ ನೀನೇ ಹೇಳಿದ್ದಲ್ವಾ? ಇನ್ನೊಬ್ಬರ ಮನೆಯ ಪಾತ್ರೆ ಖಾಲಿ ಕೊಡ್ಲಿಕ್ಕೆ ಆಗ್ತದಾ?"

"ಉಳಿದ ಮಾತ್ರೆ ಎಲ್ಲಿ ಮಾಮಿ?"

"ಅದು ಮನೆಯಲ್ಲಿ ಸ್ಟೀಲಿನ ಡಬ್ಬಿಯಲ್ಲಿ ಉಂಟು, ಜೋಪಾನ. ಬಾಟ್ಲಿಯನ್ನು ಬಿಸಿನೀರಲ್ಲಿ ತೊಳೆದು ಬಿಸಿಲಿಗೆ ಒಣಗಿಸಿಯೇ ತುಂಬಿಸಿದ್ದು. ಉಪ್ಪಿನಕಾಯಿ ಹಾಕುವ ಅಂತ ಇದ್ದೆ, ಬಾಯಿ ಸಣ್ಣ ಆಯಿತು."

ಕಾಮೋಠೆಯ ಮೇಡಂಗೆ ಕನ್ನಡ ಬಾರದು. ನಾನು ಹಿಂದಿಯಲ್ಲಿ ವಿವರಿಸಿದೆ. ಅವರು ಗಂಭೀರವಾಗಿ ಎಲ್ಲ ಕೇಳಿಸಿಕೊಂಡು, ಇದು ನಿಯಮದ ಘೋರ ಉಲ್ಲಂಘನೆ, ಹೀಗೆ ಇನ್ನೊಮ್ಮೆ ಆಗಕೂಡದು ಅಂತ ಮಾಮಿಗೆ ತಿಳಿಹೇಳಿದರು. ಹೇಳುತ್ತಾ ಹೇಳುತ್ತಾ ತಟ್ಟೆಯಿಂದ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. ಚಪ್ಪರಿಸಿ ನೋಡಿ, "ಉಪ್ಪು ಕಡಿಮೆ ಅನಿಸುತ್ತದಲ್ಲ" ಅಂದರು.

ಮಾಮಿಗೆ ಅಷ್ಟು ಹಿಂದಿ ಅರ್ಥವಾಯಿತು. "ಮತ್ತೆ ಬಿ.ಪಿ. ಆಸ್ಪತ್ರೆಗೆ ಕೊಡುವುದಲ್ವಾ, ಉಪ್ಪು ಕಡಿಮೆ ಮಾಡಿಯೇ ತಂದದ್ದು."

ಠಾಣೆ ಸ್ಟೇಷನ್ನಿನ ಒಳ್ಳೆಯ ಬಿ.ಪಿ.

ಇಡೀ ದಿನ ಮೈಮೇಲೆ ಕಟ್ಟಿಕೊಂಡಿರುವ ಬಿ.ಪಿ. ಮೆಷಿನ್ ಒಂದಿದೆ. ತೋಳಿಗೆ ಪಟ್ಟಿ, ಅಲ್ಲಿಂದ ಒಂದು ಕರಿ ನಳಿಗೆ, ಸೊಂಟಕ್ಕೆ ಪುಟ್ಟ ಪೆಟ್ಟಿಗೆ. ಆಗಾಗ ಅದೇ ಗುರ್ ಅಂತ ಗಾಳಿ ತುಂಬಿಕೊಂಡು ಬಿ.ಪಿ. ನೋಡಿ ಒಳಗೇ ಇಟ್ಟುಕೊಳ್ಳುತ್ತದೆ. ಕಾಕಾಗೆ ಅದನ್ನು ಬೆಳಿಗ್ಗೆ ಕಟ್ಟಿ, ಎಂದಿನ ಹಾಗೆ ಆಫೀಸಿಗೆ ಹೋಗಿ ಬನ್ನಿ ಅಂತ ಕಳಿಸಿದೆ. ಅವರು ಮೇಲೆ ಅಂಗಿ ಹಾಕಿಕೊಂಡು, ಮಾಮ ಹೋಗುವ ಟ್ರೇನ್ ತಪ್ಪಿದ್ದರಿಂದ ಅದರ ಮುಂದಿನದನ್ನು ಹತ್ತಿದರು.

ಆ ದಿನಗಳಲ್ಲಿ ಬಾಂಬಿನ ಭಯಕ್ಕೆ ಲೋಕಲ್ಲಿನಲ್ಲಿ ಯಾರದ್ದಾದರೂ ಚೀಲ ಒಂಟಿಯಾಗಿ ಕಂಡರೂ ಜನ ಬೆವರುತ್ತಿದ್ದರು. ಫಾಸ್ಟ್ ಟ್ರೇನು ಪಾರಸಿಕ್ ಸುರಂಗಕ್ಕೆ ನುಗ್ಗುವುದಕ್ಕೂ ಕಾಕಾನ ಸೊಂಟದಲ್ಲಿ ಗುರ್ ಅನ್ನುವುದಕ್ಕೂ ಸರಿಹೋಯಿತು. ಪಕ್ಕದವನು ಕೆಳಗೆ ನೋಡಿದ. ನಳಿಗೆ ಕಂಡಿತು, ಮಿಣುಕುವ ದೀಪ ಕಂಡಿತು. ಅಷ್ಟು ಹೊತ್ತು ಕಾಲಿಡಲೂ ಜಾಗವಿರದಿದ್ದ ಡಬ್ಬಿಯಲ್ಲಿ ಕಾಕಾನ ಸುತ್ತ ಒಂದು ಅಂಗಳ ತೆರವಾಯಿತು. ಇಷ್ಟು ವರ್ಷದಲ್ಲಿ ಕೈಕಾಲು ಚಾಚಿ ಪ್ರಯಾಣ ಮಾಡಿದ್ದು ಅದೊಂದೇ ದಿನ ಅಂತ ಕಾಕಾ ಈಗಲೂ ಹೇಳುತ್ತಾರೆ.

ಠಾಣೆ ಸ್ಟೇಷನ್ನಿನಲ್ಲಿ ರೈಲ್ವೆ ಪೊಲೀಸರು ಬಂದು ಇಳಿಸಿಕೊಂಡರು. ಕಾಕಾ ತಮ್ಮ ಧಾರವಾಡದ ಮರಾಠಿಯಲ್ಲಿ ಎಲ್ಲ ತಿಳಿಸಿ ಹೇಳಿ, ನಮ್ಮ ಆಸ್ಪತ್ರೆಯ ಚೀಟಿ ತೋರಿಸಿದರು. ಪೊಲೀಸರು ನನಗೆ ಫೋನ್ ಮಾಡಿ ಖಾತ್ರಿ ಮಾಡಿಕೊಂಡು, ಚಹಾ ಕುಡಿಸಿ ಬಿಟ್ಟರು. ಪ್ರಕರಣ ಸುಖವಾಗಿ ಮುಗಿಯಿತು ಅಂತ ನಾನು ಅಂದುಕೊಂಡೆ.

ಮರುದಿನ ಸಾಹೇಬರು ಮೆಷಿನ್ನಿನ ಲೆಕ್ಕ ಕಂಪ್ಯೂಟರಿನಲ್ಲಿ ತೆಗೆದು ನೋಡಿದರು. ದಿನವಿಡೀ ಬಿ.ಪಿ. ಆಕಾಶದಲ್ಲಿತ್ತು. ನಡುವೆ ಒಂದಿಷ್ಟು ಹೊತ್ತು ಮಾತ್ರ ಇದ್ದಕ್ಕಿದ್ದಂತೆ ಇಳಿದು ಪೂರ್ತಿ ಸರಿಯಾಗಿ, ತುಸು ಏರಿ, ಮತ್ತೆ ಆಕಾಶಕ್ಕೆ ಹೋಗಿತ್ತು. ಸಾಹೇಬರ ಮುಖ ಅರಳಿತು. ಹೊಸ ಔಷಧಿ ಕೆಲಸ ಮಾಡುತ್ತಿದೆಯೋ ಏನೋ ಅಂತ ಕುರ್ಚಿ ಮುಂದಕ್ಕೆಳೆದು ಕೇಳಿದರು: "ಕಾಕಾ, ಈ ಹೊತ್ತಿನಲ್ಲಿ ನಿಮ್ಮ ಬಿ.ಪಿ. ಬಹಳ ಚೆನ್ನಾಗಿದೆ. ಆಗ ಎಲ್ಲಿದ್ದಿರಿ, ಏನು ಮಾಡುತ್ತಿದ್ದಿರಿ?"

ಕಾಕಾ ಹೊತ್ತು ನೋಡಿ ನೆನಪಿಸಿಕೊಂಡು ಹೇಳಿದರು: "ಅದು ನಂದಲ್ರೀ. ಠಾಣೆ ಸ್ಟೇಷನ್ನಿನ ಹವಾಲ್ದಾರಂದು, ತಾನೂ ಒಮ್ಮೆ ಕಟ್ಕೊಂಡು ನೋಡಿದ. ಅದರ ಬಾಜೂಕ ಸ್ವಲ್ಪ ಏರೇದಲ್ಲ, ಅದು ಇನ್ಸ್‌ಪೆಕ್ಟರ್ ಸಾಹೇಬ್ರದು. ಅವರಿಗೂ ಒಂದು ಹಿಟ್ಟಿನ ಗುಳಿಗಿ ಕೊಡಾಕ ಬರ್ತದೇನ್ರಿ?"

ಠಾಣೆ ಬಂದರೆ ನಿಂದು

ಮುಂಬಯಿ ಕಡೆಯ ಲೋಕಲ್ಲುಗಳಲ್ಲಿ ಒಂದು ಪದ್ಧತಿ ಇದೆ. ಹಿಂದಿನ ಸ್ಟೇಷನ್ನಿನಲ್ಲಿ ಹತ್ತಿ ಸೀಟು ಹಿಡಿದವನು ಕೊನೆಯ ತನಕ ಕೂರುವುದಿಲ್ಲ. ಅರ್ಧ ದಾರಿಗೆ ಎದ್ದು, ನಿಂತಿರುವ ದೋಸ್ತನಿಗೆ ಸೀಟು ಬಿಡುತ್ತಾನೆ. ಕಲ್ಯಾಣದಲ್ಲಿ ಸೀಟು ಹಿಡಿಯುವ ಮಾಮ ಠಾಣೆ ಬಂದ ಕೂಡಲೇ ಏಳಬೇಕು, ಡೊಂಬಿವಲಿಯಲ್ಲಿ ಹತ್ತುವ ಕಾಕಾ ಆಗ ಕೂರಬೇಕು. ಯಾರೂ ಬರೆದಿಟ್ಟದ್ದಲ್ಲ, ಯಾರೂ ಮುರಿದದ್ದೂ ಇಲ್ಲ. ಕಾಕಾನ ಮೊಣಕಾಲು ಕೆಟ್ಟ ಮೇಲೆ ಮಾಮ ಡೊಂಬಿವಲಿಯಲ್ಲೇ ಎದ್ದು, ಕೊನೆಯ ಸ್ಟೇಷನ್ ವಿ.ಟಿ. ತನಕ ನಿಂತೇ ಹೋಗುತ್ತಿದ್ದರು. ಕೇಳಿದರೆ, "ಕೂತು ಕೂತು ಸೊಂಟ ಹಿಡೀತದೆ ಮಾರಾಯ್ರೆ" ಅನ್ನುವರು. ಇಂಥವರ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ? ಮಾಡಬೇಕಾಗಿ ಬಂತು.

ಟ್ರಯಲಿನ ನಡುವೆ ಒಂದು ಶನಿವಾರ ಮಾಮ ಬಂದರು. ಬಾಟಲಿ ತೆಗೆದುಕೊಂಡು ನಂಬರು ನೋಡಿದೆ. ಅದು ಕಾಕಾನ ನಂಬರು. ಕಾಕಾನನ್ನೂ ಕರೆಸಿ ಅವರ ಬಾಟಲಿ ನೋಡಿದೆ. ಅದು ಮಾಮನದು. ಅದಲುಬದಲಾಗಿರಬೇಕು ಅಂದುಕೊಂಡು, "ಟ್ರೇನಿನಲ್ಲಿ ತಪ್ಪಿ ಬದಲಾಯಿತಾ ಮಾಮ?" ಅಂದೆ.

"ತಪ್ಪಿ ಎಂತ ಇಲ್ಲ," ಅಂದರು ಮಾಮ. "ಈ ವಾರ ಸರದಿ ಹಾಗೆ ಉಂಟು."

ವಿಚಾರಿಸುತ್ತಾ ಹೋದ ಹಾಗೆ ಒಂದೊಂದಾಗಿ ಹೊರಬಂತು. ಹೊಸ ಮಾತ್ರೆ ಶುರುವಾದಾಗಿನಿಂದ ಮಾಮನ ಬಾಯಿ ಬೆಳಿಗ್ಗೆ ಕಹಿ ಕಹಿ ಅನ್ನುತ್ತಿತ್ತಂತೆ. ಹಾಗಾದರೆ ತನಗೆ ಸಿಕ್ಕಿದ್ದು ಅಸಲಿ ಅಂತ ಅವರು ತೀರ್ಮಾನಿಸಿದರು. ಕಾಕಾನ ಬಾಯಿ ಮೊದಲಿನ ಹಾಗೇ ಇತ್ತು. ಹಾಗಾದರೆ ಅವರದು ಹಿಟ್ಟು. ಕಾಕಾನ ಬಿ.ಪಿ. ಇಳಿಯದೆ ಮೊಣಕಾಲು ಆಗುವುದಿಲ್ಲ, ಮೊಣಕಾಲು ಆಗದೆ ನೌಕರಿ ಉಳಿಯುವುದಿಲ್ಲ. ದೋಸ್ತ ಅಂದ ಮೇಲೆ ಒಬ್ಬನೇ ಅಸಲಿ ನುಂಗುವುದು ಹೇಗೆ? ವಾರದ ಮೊದಲರ್ಧ ಅವರವರ ಬಾಟಲಿ ಅವರವರಿಗೆ. ಗುರುವಾರ ಠಾಣೆ ಬಂದ ಕೂಡಲೇ ಇದು ನಿಂದು, ಅದು ನಂದು.

"ಸೀಟು ಅರ್ಧರ್ಧ ಮಾಡ್ಕೋತೀವಿ, ಔಷಧ ಯಾಕ ಮಾಡ್ಕೋಬಾರದು ತಂಗಿ?" ಅಂತ ಕಾಕಾ ನನ್ನನ್ನೇ ಕೇಳಿದರು.

ಮೇಲಿನವರಿಗೆ ತಿಳಿಸದೆ ಇರುವ ಹಾಗಿರಲಿಲ್ಲ. ಕಾಮೋಠೆಯ ಮೇಡಂ ಬಂದು, ತಲೆಯ ಮೇಲೆ ಕೈ ಇಟ್ಟುಕೊಂಡು ಕೂತರು. ಇಬ್ಬರನ್ನೂ ಟ್ರಯಲಿನಿಂದ ಕೈಬಿಡಬೇಕು ಅಂತ ಕಂಪನಿಯಿಂದ ಆದೇಶ ಬಂತು. ಮುಂದೆ ಟ್ರಯಲ್ ಮುಗಿದು, ಯಾರಿಗೆ ಯಾವುದು ಅನ್ನುವ ಗುಟ್ಟು ಬಿಚ್ಚಿದಾಗ ನಾನು ಮೊದಲು ನೋಡಿದ್ದು ಈ ಇಬ್ಬರ ಹೆಸರು. ಇಬ್ಬರದ್ದೂ ಹಿಟ್ಟಿನ ಮಾತ್ರೆ. ಗುರುವಾರ ಗುರುವಾರ ಠಾಣೆ ಬಂತೆಂದರೆ, ಇಬ್ಬರು ಹಿರಿಯರು ಆ ನೂಕುನುಗ್ಗಲಿನಲ್ಲಿ ಪ್ರಾಣ ಒತ್ತೆ ಇಟ್ಟು, ಹಿಟ್ಟು ಕೊಟ್ಟು ಹಿಟ್ಟು ತೆಗೆದುಕೊಳ್ಳುತ್ತಿದ್ದರು.

ಭಾನುವಾರದ ಮಾತ್ರೆ

ಕೈಬಿಟ್ಟ ವಿಷಯ ಕಾಕಾಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅವರು ಕೂಗಾಡಿದ್ದರೆ ಚೆನ್ನಾಗಿತ್ತು. ಬೆಂಚಿನ ಮೇಲೆ ಕಾಲು ಚಾಚಿ, ಮೊಣಕಾಲು ನೀವಿಕೊಳ್ಳುತ್ತಾ, "ಹಂಗಾರ ಇನ್ನ ರಾಜೀನಾಮೆ ಕೊಡೂದ ಖರೆ" ಅಂದರು. ಕಾಕು ಏನೂ ಮಾತಾಡದೆ ಸೆರಗಿನಲ್ಲಿ ಕಣ್ಣು ಒತ್ತಿಕೊಂಡರು. ಯಾವಾಗಲೂ ಮಾತಾಡುವವರು ಮಾತಾಡದಿದ್ದರೆ ನೋಡಲಾಗುವುದಿಲ್ಲ. ನನಗೂ ಅಳು ಬಂತು. ಸೀದಾ ಸಾಹೇಬರ ಕೋಣೆಗೆ ಹೋಗಿ, ನನ್ನ ಹರಕುಮುರುಕು ಮರಾಠಿಯಲ್ಲಿ ಜಗಳಕ್ಕೇ ನಿಂತೆ.

ಸಾಹೇಬರು ಕನ್ನಡಕ ಒರೆಸಿಕೊಂಡು ಹೇಳಿದರು: "ಕಂಪನಿ ಬಿಟ್ಟಿತು. ನಾನು ಬಿಟ್ಟೆ ಅಂತ ಯಾರು ಹೇಳಿದರು?"

ಅವರ ಉಪಾಯ ಸರಳವಾಗಿತ್ತು. ಹೊಸ ಔಷಧಿ ಬೇಡ, ಹಳೆಯ ಮಾತ್ರೆಗಳೇ ಸಾಕು. ಆದರೆ ಕಾಕಾ ದಿನಾ ಬೆಳಿಗ್ಗೆ ಟ್ರೇನ್ ಹತ್ತುವ ಮೊದಲು ಆಸ್ಪತ್ರೆಗೆ ಬಂದು, ನಮ್ಮ ಕಣ್ಣೆದುರಿಗೆ ಎಲ್ಲವನ್ನೂ ನುಂಗಬೇಕು. ಹಾಗೂ ಇಳಿಯದಿದ್ದರೆ ಮುಂದಿನದು ಯೋಚಿಸೋಣ. ಕಾಕಾ ಖುಷಿಯಿಂದ ಒಪ್ಪಿದರು. ಈ ಸಲ ಕಾಕುವನ್ನು ಕೇಳಲೂ ಇಲ್ಲ.

ಸೋಮವಾರ ಬೆಳಿಗ್ಗೆ ಊಟದ ಡಬ್ಬಿಯ ಚೀಲ ಹೆಗಲಿಗೆ ಹಾಕಿಕೊಂಡು ಬಂದರು. ನಾನು ತಟ್ಟೆಯಲ್ಲಿ ಅವರ ಮಾತ್ರೆಗಳನ್ನೆಲ್ಲ ಇಟ್ಟು ನೀರು ಕೊಟ್ಟೆ. ಸಾಹೇಬರೂ ಬಂದು ನಿಂತರು. ಕಾಕಾ ಒಂದೊಂದನ್ನೇ ಬಾಯಿಗೆ ಹಾಕಿ ನುಂಗಿದರು. ಕೊನೆಗೆ ಒಂದು ಸಣ್ಣ ಬಿಳಿ ಮಾತ್ರೆ ಉಳಿಯಿತು. ಕಾಕಾ ಲೋಟ ಕೆಳಗಿಟ್ಟು, ಬಾಯಿ ಒರೆಸಿಕೊಂಡು ಏಳತೊಡಗಿದರು.

"ಕಾಕಾ, ಇದು ಉಳಿಯಿತಲ್ಲ," ಅಂದೆ.

"ಅದು ಐತವಾರದ್ದು," ಅಂದರು ಕಾಕಾ.

ಸಾಹೇಬರಿಗೆ ಮರಾಠಿಯಲ್ಲಿ ಹೇಳಿದೆ. ಅವರು ಮಾತ್ರೆ ಎತ್ತಿ ಹಿಡಿದು ನೋಡಿದರು. ಅದು ಮೂತ್ರ ಹೆಚ್ಚಿಸುವ ಮಾತ್ರೆ, ಜನ ನೀರಿನ ಮಾತ್ರೆ ಅನ್ನುತ್ತಾರಲ್ಲ, ಅದು. ಮೈಯಲ್ಲಿ ಮಿಕ್ಕ ಉಪ್ಪುನೀರು ಹೊರಗೆ ಹಾಕಿ ಬಿ.ಪಿ. ಇಳಿಸುವಂಥದ್ದು. ಇದನ್ನು ಬಿಟ್ಟರೆ ಉಳಿದವನ್ನು ನುಂಗಿಯೂ ಹೆಚ್ಚು ಉಪಯೋಗವಿಲ್ಲ. ದಿನಾ ತೆಗೆದುಕೊಳ್ಳಬೇಕಾದದ್ದು.

"ಇದು ಭಾನುವಾರದ್ದು ಅಂತ ನಿಮಗೆ ಯಾರು ಹೇಳಿದರು?" ಅಂತ ಸಾಹೇಬರು ಕೇಳಿದರು.

ಕಾಕಾ ಅವರನ್ನು ಮಗುವನ್ನು ನೋಡಿದ ಹಾಗೆ ನೋಡಿದರು. "ಯಾರು ಹೇಳಬೇಕ್ರಿ? ಇದನ್ನ ನುಂಗಿದ್ರ ಅರ್ಧಾ ತಾಸಿಗೆ ಹೋಗಬೇಕಾಗ್ತದ. ಆಮ್ಯಾಲ ಮತ್ತ ಹೋಗಬೇಕಾಗ್ತದ. ಡೊಂಬಿವಲಿಯಿಂದ ವಿ.ಟಿ. ತನಕ ಟ್ರೇನಿನ್ಯಾಗ ಎಲ್ಲೆ ಹೋಗ್ಲಿ?"

ಲೋಕಲ್ ಟ್ರೇನಿನಲ್ಲಿ ಶೌಚಾಲಯ ಇಲ್ಲ ಅನ್ನುವುದು ನನಗೂ ಗೊತ್ತು, ಸಾಹೇಬರಿಗೂ ಗೊತ್ತು. ನಡುವೆ ಇಳಿದರೆ ಆ ಜನಜಂಗುಳಿಯಲ್ಲಿ ಮತ್ತೆ ಹತ್ತುವುದು ಮೊಣಕಾಲು ಗಟ್ಟಿ ಇದ್ದವರಿಗೇ ಕಷ್ಟ.

"ಮಾತ್ರೆ ತೆಗೆದುಕೊಳ್ಳುತ್ತೀರಾ ಅಂತ ಪ್ರತಿ ಸಲ ಕೇಳಿದ್ದೇನಲ್ಲ ಕಾಕಾ," ಅಂದೆ.

"ತಗೋತೀನಿ ಅಂತ ಪ್ರತಿ ಸಲ ಹೇಳೀನಲ್ಲ ತಂಗಿ. ಒಂದು ಐತವಾರಾನೂ ತಪ್ಪಿಸಿಲ್ಲ."

ಸಾಹೇಬರು ಕುರ್ಚಿ ಎಳೆದುಕೊಂಡು ಕೂತರು. "ಸರಿ, ಬೆಳಿಗ್ಗೆ ಬೇಡ. ಸಂಜೆ ಮನೆಗೆ ಬಂದ ಮೇಲೆ ತೆಗೆದುಕೊಳ್ಳಬಹುದಿತ್ತಲ್ಲ?"

"ಸಂಜೀಕ ತಗೊಂಡ್ರ ಮಲಗಿದಾವ ಮ್ಯಾಲಿಂದ ಮ್ಯಾಲ ಏಳಬೇಕಲ್ರಿ. ಮೊಣಕಾಲು ಎಬ್ಬಸೂದಿಲ್ಲ."

ಅಂದರೆ ಮೊಣಕಾಲು ಸರಿಹೋಗಲು ಬಿ.ಪಿ. ಇಳಿಯಬೇಕು, ಬಿ.ಪಿ. ಇಳಿಯಲು ಈ ಮಾತ್ರೆ ನುಂಗಬೇಕು, ಈ ಮಾತ್ರೆ ನುಂಗಲು ಮೊಣಕಾಲು ಸರಿಯಿರಬೇಕು. ಹೊರದೇಶದಲ್ಲಿ ದೊಡ್ಡ ದೊಡ್ಡವರು ಕೂತು ಕಂಡುಹಿಡಿದ ಔಷಧಿ ಇಲ್ಲಿ ತನಕ ಬಂದದ್ದು ಇಂಥ ಬಿ.ಪಿ.ಯನ್ನು ಇಳಿಸುವುದಕ್ಕೆ. ಅದು ಇಷ್ಟು ವರ್ಷ ಇಳಿಯದೆ ನಿಂತದ್ದು ರೈಲಿನಲ್ಲಿ ಒಂದು ಶೌಚಾಲಯ ಇಲ್ಲದ್ದಕ್ಕೆ. ಸಾಹೇಬರು ನಕ್ಕದ್ದನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ. ಅವತ್ತು ಮೇಜಿನ ಮೇಲೆ ತಲೆ ಇಟ್ಟು, ಹೆಗಲು ಕುಣಿಯುವ ಹಾಗೆ ನಕ್ಕರು. ನಾನೂ ಶುರುಮಾಡಿದೆ. ಕಾಕಾ ಮಾತ್ರ ಗಡಿಯಾರ ನೋಡುತ್ತಾ, "ನನ್ನ ಟ್ರೇನ್ ಹೋಗ್ತದ್ರಿ" ಅಂದರು.

ಆ ದಿನ ಟ್ರೇನ್ ಹೋಯಿತು, ಕಾಕಾ ಹೋಗಲಿಲ್ಲ. ಸಾಹೇಬರು ಅಲ್ಲೇ ಕೂತು ಅವರ ಆಫೀಸಿಗೆ ರಜೆಯ ಸರ್ಟಿಫಿಕೇಟು ಬರೆದುಕೊಟ್ಟರು. ಅಂದಿನಿಂದ ಅವರು ಯಾರ ಬಿ.ಪಿ. ನೋಡಿದರೂ ಮೊದಲು ಕೇಳುವ ಪ್ರಶ್ನೆ, ನಿಮ್ಮ ಭಾನುವಾರದ ಮಾತ್ರೆ ಯಾವುದು ಅಂತ. ಟ್ರೇನಿನಲ್ಲಿ ಹೋಗಿಬರುವವರು ಬಹಳಷ್ಟು ಮಂದಿ ನೆಲ ನೋಡುತ್ತಿದ್ದರು. ಬದಲಾಪುರದಿಂದ ಬರುವ ಒಬ್ಬರಂತೂ, "ನಮ್ಮದು ಇನ್ನೂ ದೂರ ಸಾಹೇಬ, ನಾನು ಬರೀ ಗಣಪತಿ ಹಬ್ಬಕ್ಕೆ ತಗೋತೀನಿ" ಅಂತ ಒಪ್ಪಿಕೊಂಡರು. ಮಾಮನೂ ನೆಲವನ್ನೇ ನೋಡಿದರು.

ಕಾಕಾ ರಜೆ ಹಾಕಿ ಮನೆಯಲ್ಲಿ ಕೂತರು. ಬಚ್ಚಲ ಬಾಗಿಲ ಪಕ್ಕದಲ್ಲೇ ಕಾಕು ಕುರ್ಚಿ ಹಾಕಿಕೊಟ್ಟು, ದಿನಾ ಬೆಳಿಗ್ಗೆ ಬಿಳಿ ಮಾತ್ರೆಯನ್ನು ತಾವೇ ಬಾಯಿಗೆ ಹಾಕಿ, ಬಾಯಿ ತೆಗೆಸಿ ನೋಡುತ್ತಿದ್ದರು. ವಾರ ಕಳೆದ ಹಾಗೆ ಬಿ.ಪಿ. ಮೆಲ್ಲಗೆ ಇಳಿಯುತ್ತಾ ಬಂದು, ಕೊನೆಗೆ ಆ ಅರಿವಳಿಕೆ ಡಾಕ್ಟರೂ ಹೂಂ ಅನ್ನುವ ಮಟ್ಟಕ್ಕೆ ಬಂತು. ಈ ಸಲ ಊರಿನವರಿಗೆ ಯಾರಿಗೂ ತಿಳಿಸಲಿಲ್ಲ. ಹಸಿರು ಗೌನು ಹಾಕಿಸಿಕೊಂಡು ಕಾಕಾ ಒಳಗೆ ಹೋದಾಗ ಹೊರಗೆ ಕಾಕು, ಮಾಮ, ಮಾಮಿ, ನಾನು ನಾಲ್ವರೇ. ಸ್ಟ್ರೆಚರ್ ಎಲ್ಲಿ ವಾಪಸ್ ಬಂದುಬಿಡುತ್ತದೋ ಅಂತ ನಾವು ಬಾಗಿಲನ್ನೇ ನೋಡುತ್ತಾ ಕೂತೆವು. ಬರಲಿಲ್ಲ. ಕಾಕು ನನ್ನ ಕೈ ಹಿಡಿದವರು ಬಿಡಲೇ ಇಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಮರುದಿನ ನಾನು ಸಾಹೇಬರ ಜೊತೆ ವಾರ್ಡಿಗೆ ಹೋದೆ. ಕಾಕಾ ದಿಂಬಿಗೆ ಒರಗಿ ಕೂತಿದ್ದರು. ಹೊಸ ಮೊಣಕಾಲಿಗೆ ದಪ್ಪ ಪಟ್ಟಿ ಸುತ್ತಿತ್ತು. ಎದ್ದು ಹೋಗುವಂತಿಲ್ಲ ಅಂತ ಮೂತ್ರಕ್ಕೆ ನಳಿಗೆ ಹಾಕಿ, ಚೀಲವನ್ನು ಮಂಚದ ಪಕ್ಕಕ್ಕೆ ತೂಗುಹಾಕಿದ್ದರು. ಸಾಹೇಬರು ನಾಡಿ ನೋಡಿದರು, ಬಿ.ಪಿ. ನೋಡಿದರು, ಎಲ್ಲ ಸರಿಯಾಗಿದೆ ಅಂದರು. ನೋವಿದೆಯೇ ಕಾಕಾ ಅಂತ ನಾನು ಕೇಳಿದೆ.

ಕಾಕಾಗೆ ನನ್ನ ಮಾತಿನ ಕಡೆ ಗಮನವಿರಲಿಲ್ಲ. ಬಗ್ಗಿ ಆ ಚೀಲವನ್ನೇ ನೋಡುತ್ತಿದ್ದರು. ಕೈಯಲ್ಲಿ ಎತ್ತಿ, ತೂಕ ನೋಡಿ, ಸೊಂಟದ ಹತ್ತಿರ ಹಿಡಿದು, ಮೇಲೆ ಹೊದಿಕೆ ಎಳೆದುಕೊಂಡು ಕಾಣುತ್ತದೋ ಇಲ್ಲವೋ ಅಂತ ಪರೀಕ್ಷೆ ಮಾಡಿದರು. ಆಮೇಲೆ ತಲೆಯೆತ್ತಿ ಸಾಹೇಬರಿಗೆ ಹೇಳಿದರು:

"ಇಂಥಾದ್ದೊಂದು ಅದ ಅಂತ ಮದಲ ಹೇಳಿದ್ರ, ದಿನಾನೂ ಗುಳಿಗಿ ತಗೊಂಡು ಆರಾಮ ಆಫೀಸಿಗೆ ಹೋಗ್ತಿದ್ದೆ. ಮಾಮಾಗೂ ಒಂದು ಕಟ್ಟಿ ಕಳಸ್ರಿ."